ಓಡಿಸುವ ಮೊದಲು ನಿಲ್ಲಿಸಿ ನೋಡಿ: ಸ್ಪರ್ಧೆಯ ರೋಬೋಟ್‌ಗೆ ನಮ್ಮೂರಲ್ಲೇ ಮ್ಯಾಚ್ ತಾಲೀಮು

ಲ್ಯಾಬಿನ ಮೇಜಿನ ಮೇಲೆ ಚಂದವಾಗಿ ಓಡಿದ ರೋಬೋಟ್ ಸ್ಪರ್ಧೆಯ ಕಣಕ್ಕಿಳಿದ ಕೂಡಲೇ ಕೈಕೊಡುತ್ತದೆ. ಕಾರವಾರ, ಶಿರಸಿ, ಕುಮಟಾ ಕಡೆಯ ಶಾಲೆ-ಕಾಲೇಜು ತಂಡಗಳ ಬಾಯಲ್ಲಿ ಈ ದೂರು ಮತ್ತೆ ಮತ್ತೆ ಕೇಳುತ್ತದೆ. ಕಾರಣ ಸರಳ. ಮೇಜಿನ ಮೇಲೆ ರೋಬೋಟ್ ಹತ್ತು ಸೆಕೆಂಡ್ ಓಡುತ್ತದೆ, ನಿಲ್ಲುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮ್ಯಾಚ್‌ನಲ್ಲಿ ಹಾಗಿಲ್ಲ. ಶಾಲಾ ಮಕ್ಕಳ ಅಂತರರಾಷ್ಟ್ರೀಯ ರೋಬೋಟ್ ಸ್ಪರ್ಧೆ ಫಸ್ಟ್ ಟೆಕ್ ಚಾಲೆಂಜ್ ತೆಗೆದುಕೊಳ್ಳಿ. ಮೊದಲ 30 ಸೆಕೆಂಡ್ ರೋಬೋಟ್ ತಾನೇ ಓಡಬೇಕು. ಆಮೇಲೆ ಪೂರ್ತಿ 2 ನಿಮಿಷ ಡ್ರೈವರ್ ಓಡಿಸಬೇಕು. 12 ಅಡಿ ಉದ್ದ, 12 ಅಡಿ ಅಗಲದ ಕಣದಲ್ಲಿ ಒಂದೇ ಹೊತ್ತಿಗೆ ನಾಲ್ಕು ರೋಬೋಟ್. ಗುದ್ದಾಟ, ಗದ್ದಲ, ಇಳಿಯುತ್ತಿರುವ ಬ್ಯಾಟರಿ, ಬೆವರುವ ಕೈ. ಇದನ್ನೆಲ್ಲ ಊರಲ್ಲೇ ಒಮ್ಮೆ ಅನುಭವಿಸದೆ ಹೋದರೆ ಅಲ್ಲಿ ಹೋಗಿ ಕಲಿಯಲು ಸಮಯ ಸಿಗುವುದಿಲ್ಲ.

ಮ್ಯಾಚ್‌ನ ಸ್ಥಿತಿಯನ್ನು ತಂದ ಕೂಡಲೇ ಅಪಾಯವೂ ಜೊತೆಗೇ ಬರುತ್ತದೆ. 10 ಕೆಜಿ ತೂಕದ ರೋಬೋಟ್ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬಂದರೆ ಅದರಲ್ಲಿ 20 ಜೂಲ್ ಶಕ್ತಿ ಇರುತ್ತದೆ. 2 ಕೆಜಿ ಸುತ್ತಿಗೆ ಒಂದು ಮೀಟರ್ ಎತ್ತರದಿಂದ ಕಾಲಿನ ಮೇಲೆ ಬಿದ್ದರೆ ಎಷ್ಟು ಪೆಟ್ಟೋ ಅಷ್ಟು. ಹಾಗಾಗಿ ನಾನು ಪ್ರತಿ ತಂಡಕ್ಕೂ ಹೇಳುವ ಮಾತು ಒಂದೇ: ಮೊದಲು ನಿಮ್ಮ ರೋಬೋಟ್ ನಿಲ್ಲುತ್ತದೆ ಅಂತ ತೋರಿಸಿ, ಆಮೇಲೆ ಓಡುತ್ತದೆ ಅಂತ ತೋರಿಸಿ. ಕೆಳಗಿನ ಹಂತಗಳೆಲ್ಲ ಇದೇ ಕ್ರಮದಲ್ಲಿವೆ. ಒಂದನ್ನು ದಾಟದೆ ಇನ್ನೊಂದಕ್ಕೆ ಹೋಗಬೇಡಿ.

ಜಾಗ

ಶಾಲೆಯ ಸಭಾಂಗಣ ಸಿಕ್ಕರೆ ಒಳ್ಳೇದು. ಇಲ್ಲವೆಂದರೆ ಬೆಂಚುಗಳನ್ನು ಸರಿಸಿದ ಒಂದು ತರಗತಿ ಸಾಕು. ಶಿರಸಿ ಕಡೆ ಮಳೆ ಇಲ್ಲದ ದಿನ ಅಡಿಕೆ ಒಣಗಿಸುವ ಅಂಗಳವೂ ಆಗುತ್ತದೆ. ಆದರೆ ನೆಲ ನೋಡಿಕೊಳ್ಳಿ. ಹಳೇ ಮನೆಯ ಕಾವಿ ನೆಲ ನುಣುಪು. ಅಲ್ಲಿ ಚಕ್ರ ಜಾರುತ್ತದೆ, ಮೋಟಾರಿಗೆ ಭಾರ ಬೀಳುವುದೇ ಇಲ್ಲ, ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟುತ್ತದೆ. ಅಂಗಳದ ಒರಟು ಸಿಮೆಂಟ್ ಚಕ್ರವನ್ನು ತಿಂದುಹಾಕುತ್ತದೆ. ಕಣದಲ್ಲಿ ಯಾವ ಹಾಸು ಇರುತ್ತದೋ ಅದಕ್ಕೆ ಹತ್ತಿರದ್ದು ಬೇಕು. ಫಸ್ಟ್ ಟೆಕ್ ಚಾಲೆಂಜ್‌ಗಾದರೆ 2 ಅಡಿ ಚೌಕದ ಫೋಮ್ ಮ್ಯಾಟ್ 36 ಬೇಕು. ಅಷ್ಟು ದುಡ್ಡಿಲ್ಲವೇ? 18 ತಂದು ಅರ್ಧ ಕಣ ಮಾಡಿ. ಮಕ್ಕಳ ಆಟಕ್ಕೆ ಮಾರುವ ಜೋಡಿಸುವ ಮ್ಯಾಟ್‌ನಿಂದಲೂ ತಾಲೀಮು ನಡೆಯುತ್ತದೆ.

ಕಣದ ಸುತ್ತ ಒಂದು ಅಡಿ ಎತ್ತರದ ಹಲಗೆ ಇಡಿ. ಅದರ ಹೊರಗೆ ಒಂದು ಮೀಟರ್ ಜಾಗ ಖಾಲಿ ಬಿಡಿ. ಆ ಖಾಲಿ ಪಟ್ಟಿಯಲ್ಲಿ ಬ್ಯಾಗು, ನೀರಿನ ಬಾಟಲಿ, ಲ್ಯಾಪ್‌ಟಾಪಿನ ವೈರ್ ಯಾವುದೂ ಇರಬಾರದು.

ಇನ್ನೊಂದು ಮಾತು. ಕಾರವಾರದ ಮಕ್ಕಳಿಗೆ ಟಾಗೋರ್ ಕಡಲತೀರದಲ್ಲಿ ರೋಬೋಟ್ ಓಡಿಸಿ ವಿಡಿಯೋ ಮಾಡುವ ಆಸೆ ಇರುತ್ತದೆ. ದಯವಿಟ್ಟು ಬೇಡ. ಮರಳು ಗಿಯರ್‌ಬಾಕ್ಸ್ ಒಳಗೆ ಹೊಕ್ಕರೆ ಹಲ್ಲು ಸವೆಯುತ್ತದೆ. ಉಪ್ಪಿನ ಪಸೆ ಸರ್ಕ್ಯೂಟ್ ಬೋರ್ಡಿನ ಮೇಲೆ ಕೂತರೆ ಕರೆಂಟ್ ಹರಿಯಬಾರದ ಕಡೆ ಹರಿಯುತ್ತದೆ. ಒಂದು ಸಂಜೆಯ ವಿಡಿಯೋಗೆ ಇಡೀ ವರ್ಷದ ದುಡಿಮೆ ಹಾಳಾಗುವುದು ಬೇಡ.

ಯಾರು ಏನು ಮಾಡಬೇಕು

ಇಬ್ಬರು ಡ್ರೈವರ್, ಒಬ್ಬರು ಸಮಯ ನೋಡುವವರು, ಒಬ್ಬರು ಬರೆದುಕೊಳ್ಳುವವರು. ಇವರೆಲ್ಲರಿಗಿಂತ ಮುಖ್ಯ, ಸ್ಟಾಪ್ ಹಿಡಿದವರು. ಇವರ ಕೈಯಲ್ಲಿ ರೋಬೋಟನ್ನು ನಿಲ್ಲಿಸುವ ಬಟನ್ ಇರಬೇಕು, ಕಣ್ಣು ಕಣದ ಮೇಲಿರಬೇಕು, ಬೇರೆ ಯಾವ ಕೆಲಸವೂ ಇರಬಾರದು. ಫೋನ್ ಹಿಡಿದು ವಿಡಿಯೋ ಮಾಡುವಂತಿಲ್ಲ, ಕೋಡ್ ಬಗ್ಗೆ ಮಾತಾಡುವಂತಿಲ್ಲ. ಲೆಕ್ಕ ಹಾಕಿ ನೋಡಿ. ಕಾಲು ಸೆಕೆಂಡಿನಲ್ಲಿ, ಸೆಕೆಂಡಿಗೆ 2 ಮೀಟರ್ ಓಡುವ ಆ ರೋಬೋಟ್ ಅರ್ಧ ಮೀಟರ್ ಮುಂದೆ ಹೋಗಿರುತ್ತದೆ. ನೋಡಿದವರು ಒಬ್ಬರು, ಕೂಗಿದವರು ಇನ್ನೊಬ್ಬರು, ಬಟನ್ ಒತ್ತುವವರು ಮತ್ತೊಬ್ಬರು ಎಂದಾದರೆ ಅಷ್ಟರಲ್ಲಿ ಅದು ಗೋಡೆಗೋ ಯಾರ ಕಾಲಿಗೋ ಬಡಿದಾಗಿರುತ್ತದೆ. ನೋಡುವವರೇ ಒತ್ತಬೇಕು.

ಕೂಗುವ ಮಾತನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ನಮ್ಮ ಕರಾವಳಿಯ ತಂಡಗಳಲ್ಲಿ ಕನ್ನಡದವರು, ಕೊಂಕಣಿಯವರು ಎಲ್ಲ ಇರುತ್ತಾರೆ. ಗಾಬರಿಯಾದಾಗ ಒಬ್ಬ ‘ತಡಿ ತಡಿ’ ಅಂತಾನೆ, ಇನ್ನೊಬ್ಬಳು ‘ರಾವ್ ರಾವ್’ ಅಂತಾಳೆ, ಮೂರನೆಯವನು ‘ಹಿಂದೆ ತಗೋ’ ಅಂತಾನೆ. ಡ್ರೈವರಿಗೆ ಏನು ಮಾಡಬೇಕೋ ಗೊತ್ತಾಗುವುದಿಲ್ಲ. ‘ಸ್ಟಾಪ್’ ಎಂಬ ಒಂದೇ ಮಾತು ಇರಲಿ. ಯಾರು ಬೇಕಾದರೂ ಕೂಗಬಹುದು, ತಂಡದ ಅತಿ ಚಿಕ್ಕ ಹುಡುಗಿಯೂ. ಕೂಗಿದ ಮೇಲೆ ಯಾಕೆ ಕೂಗಿದೆ ಅಂತ ಬೈಯಬೇಡಿ. ಒಮ್ಮೆ ಬೈದರೆ ಮುಂದಿನ ಸಲ ಆ ಮಗು ಬಾಯಿ ಬಿಡುವುದಿಲ್ಲ.

ಸ್ಟಾಪ್ ಹಿಡಿದವರು ರೋಬೋಟ್ ನಿಂತಿದೆ ಎಂದು ನೋಡಿ, ಕೈ ಎತ್ತಿ ‘ಬನ್ನಿ’ ಅಂದ ಮೇಲೆಯೇ ಕಣದೊಳಗೆ ಕಾಲಿಡಬೇಕು. ಮೇಷ್ಟ್ರಾದರೂ ಅಷ್ಟೆ, ಪ್ರಿನ್ಸಿಪಾಲರಾದರೂ ಅಷ್ಟೆ.

ಉಡುಪಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಕಣ್ಣಿಗೆ ಸೇಫ್ಟಿ ಕನ್ನಡಕ, ಕಾಲಿಗೆ ಮುಚ್ಚಿದ ಬೂಟು, ಉದ್ದ ಕೂದಲಿಗೆ ಬಿಗಿಯಾದ ಜಡೆ. ಮಳೆಗಾಲದಲ್ಲಿ ಎಲ್ಲರೂ ಚಪ್ಪಲಿ ಹಾಕಿ ಬರುತ್ತಾರೆ, ಹಾಗಾಗಿ ಲ್ಯಾಬಿನಲ್ಲೇ ಒಂದೆರಡು ಜೋಡಿ ಬೂಟು ಇಟ್ಟಿರಿ. ಎಲ್ಲರೂ ಮರೆಯುವುದು ಕೊರಳಲ್ಲಿ ನೇತಾಡುವ ಶಾಲೆಯ ಐಡಿ ಕಾರ್ಡಿನ ಪಟ್ಟಿಯನ್ನು. ಬಗ್ಗಿದಾಗ ಅದು ನೇರ ತಿರುಗುವ ರೋಲರಿನ ಮುಂದೆ ಬರುತ್ತದೆ. ತೆಗೆದು ಬ್ಯಾಗಿನಲ್ಲಿಡಿ. ವೇಲ್ ಕೂಡ.

ಚಕ್ರ ಎತ್ತಿಟ್ಟು ನಿಲ್ಲಿಸುವ ಪರೀಕ್ಷೆ

ರೋಬೋಟನ್ನು ಎರಡು ಮರದ ತುಂಡುಗಳ ಮೇಲೆ ಕೂರಿಸಿ. ಚಕ್ರ ನೆಲಕ್ಕೆ ತಾಗಬಾರದು. ಈಗ ಆನ್ ಮಾಡಿ.

ಮೊದಲನೆಯದು, ಪೂರ್ತಿ ವೇಗದಲ್ಲಿ ಚಕ್ರ ತಿರುಗುವಾಗ ಸ್ಟಾಪ್ ಒತ್ತಿ. ನಿಲ್ಲಬೇಕು. ಎರಡನೆಯದು, ಚಕ್ರ ತಿರುಗುತ್ತಿರುವಾಗಲೇ ಕಂಟ್ರೋಲರನ್ನು ಆಫ್ ಮಾಡಿ, ಅಥವಾ ಫೋನಿನ ಬ್ಲೂಟೂತ್ ಆರಿಸಿ. ಇಲ್ಲೇ ಬಹಳ ತಂಡಗಳ ರೋಬೋಟ್ ಸೋಲುವುದು. ಆರ್ಡುಯಿನೊ (ರೋಬೋಟಿನ ಮಿದುಳಿನಂಥ ಸಣ್ಣ ಬೋರ್ಡ್) ಮತ್ತು ಎಚ್‌ಸಿ-05 ಬ್ಲೂಟೂತ್ ಮಾಡ್ಯೂಲ್ ಬಳಸಿ ಸ್ವಂತವಾಗಿ ಕಟ್ಟಿದ ರೋಬೋಟಿನ ಕೋಡ್ ನೋಡಿ. ‘ಮುಂದೆ’ ಎಂಬ ಅಕ್ಷರ ಬಂತು, ಮೋಟಾರ್ ಚಾಲೂ ಆಯಿತು. ಸಂಪರ್ಕ ತಪ್ಪಿದರೆ ‘ನಿಲ್ಲು’ ಎಂಬ ಅಕ್ಷರ ಬರುವುದೇ ಇಲ್ಲ. ಕೊನೆಗೆ ಬಂದ ಆಜ್ಞೆಯನ್ನೇ ಹಿಡಿದುಕೊಂಡು ರೋಬೋಟ್ ಗೋಡೆಯವರೆಗೆ ಹೋಗುತ್ತದೆ. ಪರಿಹಾರ ನಾಲ್ಕೇ ಸಾಲಿನ ಕೋಡ್. ಫೋನ್ ಅಥವಾ ಕಂಟ್ರೋಲರ್ ಬಿಡದೆ ಆಜ್ಞೆ ಕಳಿಸುತ್ತಿರಬೇಕು. ಕೊನೆಯ ಆಜ್ಞೆ ಬಂದು 300 ಮಿಲಿಸೆಕೆಂಡ್ ದಾಟಿದರೆ ಎಲ್ಲ ಮೋಟಾರ್ ಸೊನ್ನೆಗೆ ಇಳಿಯಬೇಕು. ಇದಿಲ್ಲದ ರೋಬೋಟನ್ನು ನೆಲಕ್ಕೆ ಇಳಿಸಲೇಬಾರದು ಎಂಬುದು ನನ್ನ ಅಭಿಪ್ರಾಯ, ಸ್ಪರ್ಧೆ ನಾಳೆಯೇ ಇದ್ದರೂ.

ಮೂರನೆಯದು, ಓಡುವಾಗ ಬೋರ್ಡಿನ ರೀಸೆಟ್ ಬಟನ್ ಒತ್ತಿ. ಬೋರ್ಡು ಎಚ್ಚರಾಗುವ ಹೊತ್ತಿಗೆ ಚಕ್ರ ಒಮ್ಮೆ ಝಟಕ್ಕನೆ ತಿರುಗಿತೇ? ಹಾಗಿದ್ದರೆ ಮೋಟಾರ್ ಡ್ರೈವರಿನ (ಮೋಟಾರಿಗೆ ಕರೆಂಟ್ ಕೊಡುವ ಸಣ್ಣ ಬೋರ್ಡು) ಎನೇಬಲ್ ಪಿನ್, ಅಂದರೆ ಮೋಟಾರನ್ನು ಚಾಲೂ ಮಾಡುವ ಪಿನ್, ಮತ್ತು ಗ್ರೌಂಡ್ ನಡುವೆ 10 ಕಿಲೋ ಓಮ್ ರೆಸಿಸ್ಟರ್ ಹಾಕಿ. ಬೋರ್ಡು ಏನೂ ಹೇಳದಿದ್ದಾಗ ಮೋಟಾರ್ ಸುಮ್ನೆ ಇರುತ್ತದೆ.

ನಾಲ್ಕನೆಯದು, ರೋಬೋಟಿನ ತೋಳನ್ನು ಪೂರ್ತಿ ಮೇಲೆತ್ತಿ ಮುಖ್ಯ ಸ್ವಿಚ್ ಆಫ್ ಮಾಡಿ. ಎಲ್ಲರೂ ದೂರ ನಿಲ್ಲಿ. ಮೋಟಾರಿಗೆ ಕರೆಂಟ್ ನಿಂತ ಕೂಡಲೇ ಆ ತೋಳು ಧಡಾರೆಂದು ಕೆಳಗೆ ಬೀಳಬಹುದು. ಆಫ್ ಆಯಿತು ಅಂದಮಾತ್ರಕ್ಕೆ ಅಪಾಯ ಮುಗಿಯಲಿಲ್ಲ. ಎಳೆದ ಸ್ಪ್ರಿಂಗ್, ಬಿಗಿದ ರಬ್ಬರ್, ಸುತ್ತಿದ ದಾರ, ಎತ್ತಿದ ತೋಳು, ಎಲ್ಲದರಲ್ಲೂ ಶಕ್ತಿ ಕೂತಿರುತ್ತದೆ. ತೋಳಿನ ಕೆಳಗೆ ಇಡಲು ಅಳತೆಗೆ ಕತ್ತರಿಸಿದ ಒಂದು ಮರದ ಊರೆ ಮಾಡಿಕೊಳ್ಳಿ. ಅದಕ್ಕೆ ಕೆಂಪು ಬಣ್ಣ ಬಳಿಯಿರಿ. ಊರೆ ಕೊಡದೆ ತೋಳಿನ ಕೆಳಗೆ ಬೆರಳು ಹಾಕುವಂತಿಲ್ಲ.

ಬ್ಯಾಟರಿ ಮತ್ತು ವೈರು

ಇಲ್ಲಿ ಸ್ವಲ್ಪ ನಿಧಾನಿಸೋಣ. ಕಣದಲ್ಲಿ ‘ರೋಬೋಟ್ ಸತ್ತಿತು’ ಅನ್ನುವ ಸಂದರ್ಭಗಳಲ್ಲಿ ಬಹಳಷ್ಟು ಕರೆಂಟಿನದ್ದು.

ನಾಲ್ಕು ಮೋಟಾರ್ ಒಟ್ಟಿಗೆ ಎಳೆಯುವಾಗ 20 ಆಂಪಿಯರ್ ಹರಿಯುತ್ತದೆ ಅಂದುಕೊಳ್ಳಿ. ಬ್ಯಾಟರಿ, ಕನೆಕ್ಟರ್, ಸ್ವಿಚ್, ವೈರ್ ಎಲ್ಲ ಸೇರಿ ಹಾದಿಯಲ್ಲಿ ಬರೀ 0.1 ಓಮ್ ತಡೆ ಇದ್ದರೂ 2 ವೋಲ್ಟ್ ಅಲ್ಲೇ ಹೋಯಿತು. ಬ್ಯಾಟರಿ ಆಗಲೇ ಅರ್ಧ ಇಳಿದಿದ್ದರೆ ಬೋರ್ಡಿಗೆ ಬೇಕಾದಷ್ಟು ವೋಲ್ಟೇಜ್ ಸಿಗದೆ ಅದು ರೀಸೆಟ್ ಆಗುತ್ತದೆ. ನೋಡುವವರಿಗೆ ಕೋಡ್ ತಪ್ಪಿದಂತೆ ಕಾಣುತ್ತದೆ. ರಾತ್ರಿಯಿಡೀ ಕೂತು ಕೋಡ್ ತಿದ್ದುತ್ತಾರೆ. ತಪ್ಪು ಇರುವುದು ಕನೆಕ್ಟರಿನಲ್ಲಿ.

ನಮ್ಮ ಕರಾವಳಿಯಲ್ಲಿ ಇದು ಇನ್ನೂ ಜಾಸ್ತಿ. ಕಡಲ ಗಾಳಿಯ ಉಪ್ಪು, ಮಳೆಗಾಲದ ತೇವ. ಬ್ಯಾಟರಿಯ ಕನೆಕ್ಟರನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿ. ಪಿನ್ ಹೊಳೆಯಬೇಕು. ಬುಡದಲ್ಲಿ, ಬೆಸುಗೆ ಹಾಕಿದ ಜಾಗದಲ್ಲಿ, ವೈರಿನ ತಾಮ್ರ ಹೊರಗೆ ಕಾಣುವ ಕಡೆ ಹಸಿರು ಕಿಲುಬು ಕೂತಿದೆಯೇ? ಒಂದು ಬದಿ ಕಪ್ಪಾಗಿದೆಯೇ? ಪ್ಲಾಸ್ಟಿಕ್ ಸ್ವಲ್ಪ ಕರಗಿ ಪಿನ್ ವಾಲಿದೆಯೇ? ಕಪ್ಪಾದ ಪಿನ್ ಬಿಸಿಯಾದ ಗುರುತು. ತಿಕ್ಕಿ ಸರಿಮಾಡುವುದಕ್ಕಿಂತ ಆ ಕನೆಕ್ಟರನ್ನೇ ಬದಲಿಸಿ. ಆಮೇಲೆ ಪ್ರತಿ ವೈರನ್ನೂ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಕೈಗೆ ಬಂದರೆ ಇಲ್ಲೇ ಬಂತಲ್ಲ ಅಂತ ಖುಷಿಪಡಿ. ರೋಬೋಟನ್ನು ಮುಚ್ಚಳ ಇರುವ ದೊಡ್ಡ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ.

ಫ್ಯೂಸ್ ಇರಲೇಬೇಕು. ಕಾರಿಗೆ ಹಾಕುವ ಚಪ್ಪಟೆ ಫ್ಯೂಸ್ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಫಸ್ಟ್ ಟೆಕ್ ಚಾಲೆಂಜ್‌ನ ಬ್ಯಾಟರಿಗೆ 20 ಆಂಪಿಯರಿನದು. ಅದು ಮತ್ತೆ ಮತ್ತೆ ಹೋಗುತ್ತಿದ್ದರೆ ಎಲ್ಲೋ ಏನೋ ಕಚ್ಚಿಕೊಂಡಿದೆ ಎಂದರ್ಥ. ಹುಡುಕಿ. ಫ್ಯೂಸ್ ಜಾಗಕ್ಕೆ ತಂತಿ ಸುತ್ತುವ ಕೆಲಸ ಮಾತ್ರ ಯಾವತ್ತೂ ಬೇಡ.

ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಬಳಸುವವರು ಇನ್ನೂ ಎಚ್ಚರವಾಗಿರಬೇಕು. ಪ್ರತಿ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. 3.5ಕ್ಕೆ ಇಳಿದರೆ ತಾಲೀಮು ನಿಲ್ಲಿಸಿ. 3.0ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಕೆಡುತ್ತದೆ, ಮತ್ತೆ ಚಾರ್ಜ್ ಮಾಡುವುದೂ ಅಪಾಯ. ಪ್ರತಿ ಸೆಲ್ಲಿನ ವೋಲ್ಟೇಜ್ ನೋಡಲು ಬ್ಯಾಟರಿಯಲ್ಲಿರುವ ಬ್ಯಾಲೆನ್ಸ್ ಕನೆಕ್ಟರಿಗೆ ಸಿಕ್ಕಿಸುವ, ವೋಲ್ಟೇಜ್ ಇಳಿದರೆ ಕೂಗುವ ಸಣ್ಣ ಬಜರ್ ಸಿಗುತ್ತದೆ, ಬೆಲೆಯೂ ಹೆಚ್ಚಿಲ್ಲ. ಚಾರ್ಜಿಂಗ್ ಯಾವಾಗಲೂ ಎಲ್ಲ ಸೆಲ್ಲನ್ನೂ ಸಮವಾಗಿ ತುಂಬುವ ಬ್ಯಾಲೆನ್ಸ್ ಮೋಡಿನಲ್ಲೇ ಇರಲಿ. 5200 ಎಂಎಎಚ್ (ಮಿಲಿಆಂಪಿಯರ್-ಅವರ್) ಬ್ಯಾಟರಿಗೆ ಚಾರ್ಜಿಂಗ್ ಕರೆಂಟ್ 5.2 ಆಂಪಿಯರ್ ದಾಟಬಾರದು. ಓಡಿ ಬಂದ ಬಿಸಿ ಬ್ಯಾಟರಿಯನ್ನು ತಣ್ಣಗಾಗಲು ಬಿಟ್ಟು ಆಮೇಲೆ ಚಾರ್ಜಿಗಿಡಿ. ಉಬ್ಬಿದ ಬ್ಯಾಟರಿಯನ್ನು ಇನ್ನೊಂದು ಮ್ಯಾಚಿಗೆ ಬಳಸೋಣ ಅನ್ನಬೇಡಿ.

ಚಾರ್ಜ್ ಮಾಡುವ ಜಾಗ ಸಿಮೆಂಟ್ ಅಥವಾ ಟೈಲ್ಸ್ ನೆಲ. ಹತ್ತಿರದಲ್ಲಿ ಒಂದು ಕಬ್ಬಿಣದ ಬಕೆಟ್ ತುಂಬ ಒಣ ಮರಳು, ಗೋಡೆಯಲ್ಲಿ ನೇತುಹಾಕಿದ, ಪುಡಿ ಎರಚಿ ಬೆಂಕಿ ಆರಿಸುವ ಸಿಲಿಂಡರ್. ಯಾರೂ ಇಲ್ಲದಾಗ, ರಾತ್ರಿ ಮಲಗುವಾಗ ಚಾರ್ಜಿಗೆ ಹಾಕಿ ಹೋಗುವುದು ಬೇಡವೇ ಬೇಡ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುತ್ತಿರುತ್ತದೆ. ಹಲವು ಚಾರ್ಜರ್‌ಗಳು ಕರೆಂಟ್ ವಾಪಸ್ ಬಂದಾಗ ತಾವಾಗಿ ಮುಂದುವರಿಯುವುದಿಲ್ಲ, ಮೊದಲ ಪರದೆಗೆ ಹೋಗಿ ನಿಂತಿರುತ್ತವೆ. ಚಾರ್ಜ್ ಆಗಿದೆ ಅಂದುಕೊಂಡು ತೆಗೆದುಕೊಂಡರೆ ಅರ್ಧ ಬ್ಯಾಟರಿ ಕೈಯಲ್ಲಿರುತ್ತದೆ. ಮಲ್ಟಿಮೀಟರ್ ಹಿಡಿದು ನೋಡದೆ ಯಾವ ಬ್ಯಾಟರಿಯನ್ನೂ ರೋಬೋಟಿಗೆ ಹಾಕಬೇಡಿ. ಗುಡುಗು-ಮಿಂಚು ಶುರುವಾದರೆ ಚಾರ್ಜರ್, ಲ್ಯಾಪ್‌ಟಾಪ್ ಎರಡರ ಪ್ಲಗ್ಗನ್ನೂ ಕಿತ್ತಿಡಿ.

ಅಕಸ್ಮಾತ್ ಬ್ಯಾಟರಿಯಿಂದ ಹೊಗೆ ಬಂದರೆ ಅದನ್ನು ಎತ್ತಿಕೊಂಡು ಓಡಬೇಡಿ. ಎಲ್ಲರೂ ಹೊರಗೆ ಬನ್ನಿ. ಆ ಹೊಗೆ ವಿಷ, ಮೂಗಿಗೆ ಹೋಗಬಾರದು. ರೋಬೋಟ್ ಸುಟ್ಟುಹೋದರೆ ಇನ್ನೊಂದು ಕಟ್ಟಬಹುದು.

ತಾನೇ ಓಡುವ 30 ಸೆಕೆಂಡ್

ಆಟೊನಮಸ್ ಹಂತ ಉಳಿದೆಲ್ಲಕ್ಕಿಂತ ಅಪಾಯದ್ದು, ಯಾಕೆಂದರೆ ಯಾರ ಕೈಯೂ ಕಂಟ್ರೋಲರಿನ ಮೇಲೆ ಇರುವುದಿಲ್ಲ. ಕೋಡಿನಲ್ಲಿ ಒಂದು ಮೈನಸ್ ಚಿಹ್ನೆ ತಪ್ಪಿದರೆ ರೋಬೋಟ್ ಮುಂದಕ್ಕೆ ಹೋಗುವ ಬದಲು ತನ್ನನ್ನು ಇಟ್ಟವರ ಕಾಲಿನ ಮೇಲೇ ಬರುತ್ತದೆ. ಹಾಗಾಗಿ ರೋಬೋಟನ್ನು ಇಟ್ಟವರು ಪಕ್ಕಕ್ಕೆ ಸರಿದು ಹಲಗೆಯ ಹೊರಗೆ ಬರಬೇಕು. ಅದರ ಹಿಂದೆಯೋ ಮುಂದೆಯೋ ನಿಲ್ಲಬಾರದು. ಹೊಸ ಕೋಡ್ ಹಾಕಿದಾಗಲೆಲ್ಲ, ಒಂದೇ ಅಂಕಿ ಬದಲಿಸಿದ್ದರೂ, ಮೊದಲ ಓಟ ಮರದ ತುಂಡಿನ ಮೇಲೆ ಚಕ್ರ ಎತ್ತಿಟ್ಟು. ಎರಡನೆಯದು ಕಣದಲ್ಲಿ ಕಾಲು ವೇಗದಲ್ಲಿ. ಪೂರ್ತಿ ವೇಗ ಆಮೇಲೆ.

ಬೆಳಕನ್ನೂ ಬದಲಿಸಿ ನೋಡಿ. ಮಧ್ಯಾಹ್ನ ಮೂರು ಗಂಟೆಗೆ ಪಡುವಣ ಕಿಟಕಿಯಿಂದ ಬಿಸಿಲು ನೇರ ಕಣದ ಮೇಲೆ ಬಿದ್ದಾಗ ಬಣ್ಣ ಗುರುತಿಸುವ ಸೆನ್ಸರ್, ಕ್ಯಾಮೆರಾ ಎರಡೂ ತಬ್ಬಿಬ್ಬಾಗುತ್ತವೆ. ಪರದೆ ಎಳೆದು ಒಮ್ಮೆ, ತೆರೆದು ಒಮ್ಮೆ ಓಡಿಸಿ.

ಪೂರ್ತಿ ಮ್ಯಾಚ್, ಗುದ್ದಾಟದ ಸಮೇತ

ಈಗ ಗಡಿಯಾರ ಹಿಡಿಯಿರಿ. ನಿಮ್ಮ ಸ್ಪರ್ಧೆಯ ನಿಯಮದಲ್ಲಿ ಎಷ್ಟು ಸಮಯವೋ ಅಷ್ಟು, ಒಂದು ಸೆಕೆಂಡೂ ಕಡಿಮೆಯಿಲ್ಲದೆ. ನಡುವೆ ಏನಾದರೂ ಕಳಚಿ ಬಿದ್ದರೂ, ಅಪಾಯವಿಲ್ಲದಿದ್ದರೆ, ಉಳಿದದ್ದರಲ್ಲೇ ಆಡಿ ಮುಗಿಸಿ. ಸ್ಪರ್ಧೆಯಲ್ಲಿ ಸ್ಕ್ರೂಡ್ರೈವರ್ ಹಿಡಿದವರನ್ನು ನಡುವೆ ಯಾರೂ ಕಣದೊಳಗೆ ಬಿಡುವುದಿಲ್ಲ ಅಲ್ವಾ?

ಎದುರಾಳಿ ಬೇಕು. ಹಳೇ ರೋಬೋಟ್ ಇದ್ದರೆ ಅದನ್ನೇ ಓಡಿಸಿ. ಇಲ್ಲವಾದರೆ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಹತ್ತು ಕೆಜಿ ಮರಳಿನ ಚೀಲ ಇಟ್ಟು, ಹೊರಗಿನಿಂದ ಉದ್ದನೆಯ ಬಿದಿರು ಗಳದಲ್ಲಿ ತಳ್ಳಿ. ತೋಟದ ಮನೆಗಳಲ್ಲಿ ಹಳೇ ದೋಟಿಯ ತುಂಡು ಹೇಗೂ ಇರುತ್ತದೆ. ಹುಡುಗರು ತಾವೇ ಕಣದಲ್ಲಿ ನಿಂತು ಕಾಲಿನಿಂದ ರೋಬೋಟನ್ನು ತಡೆಯುತ್ತಾರೆ. ಅದನ್ನು ಮೊದಲ ದಿನವೇ ನಿಲ್ಲಿಸಿ.

ರೋಬೋಟ್ ಗೋಡೆಗೋ ಎದುರಾಳಿಗೋ ಒತ್ತಿ ನಿಂತು, ಚಕ್ರ ತಿರುಗದೆ ಮೋಟಾರ್ ಮಾತ್ರ ಗುಂಯ್ ಎನ್ನುವ ಸ್ಥಿತಿಗೆ ಸ್ಟಾಲ್ ಅನ್ನುತ್ತಾರೆ. ಆಗ ಮೋಟಾರ್ ಸುಮ್ನೆ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಅದೆಲ್ಲ ಬಿಸಿಯಾಗಿ ಹೋಗುತ್ತದೆ. ತಾಲೀಮಿನಲ್ಲಿ ಇದನ್ನು ಎರಡು-ಮೂರು ಸೆಕೆಂಡಿಗಿಂತ ಹೆಚ್ಚು ಬಿಡಬೇಡಿ. ಡ್ರೈವರಿಗೆ ಆ ಸದ್ದು ಕಿವಿಯಲ್ಲಿ ಕೂರಬೇಕು. ಕೇಳಿದ ಕೂಡಲೇ ಕೈ ಹಿಂದಕ್ಕೆ ಬರಬೇಕು. ಮ್ಯಾಚ್ ಮುಗಿದ ಮೇಲೆ ಮೋಟಾರಿನ ಹತ್ತಿರ ಹಿಂಗೈ ತಂದು ಕಾವು ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಗಿಯರ್ ಅನುಪಾತ ಬದಲಿಸುವ ಯೋಚನೆ ಮಾಡಿ. ಕೋವಿಡ್ ಕಾಲದಲ್ಲಿ ಶಾಲೆಗೆ ಬಂದ, ಹಣೆಗೆ ಹಿಡಿಯುವ ಗನ್ ಇದಕ್ಕೆ ಆಗುವುದಿಲ್ಲ. ಅದು ಮೈ ಕಾವಿನ ಆಸುಪಾಸಿನಷ್ಟೇ ಅಳೆಯುತ್ತದೆ.

ಗದ್ದಲವೂ ಬೇಕು. ಸ್ಪೀಕರಿನಲ್ಲಿ ಯಕ್ಷಗಾನದ ಚಂಡೆ ಜೋರಾಗಿ ಹಾಕಿ. ಡ್ರೈವರುಗಳು ಒಬ್ಬರಿಗೊಬ್ಬರು ಕೈಸನ್ನೆಯಲ್ಲಿ, ಚುಟುಕು ಮಾತಿನಲ್ಲಿ ಹೇಳಿಕೊಳ್ಳುವುದನ್ನು ತಾವಾಗಿಯೇ ಕಲಿಯುತ್ತಾರೆ. ಆದರೆ ಆ ಸದ್ದಿನಲ್ಲಿ ‘ಸ್ಟಾಪ್’ ಕೇಳುವುದಿಲ್ಲ. ಹಾಗಾಗಿ ಚಂಡೆ ಹಾಕುವ ಮೊದಲು ಪಿಇಟಿ ಮೇಷ್ಟ್ರ ಹತ್ತಿರ ಒಂದು ಸೀಟಿ ಇಸ್ಕೊಂಡು ಬನ್ನಿ, ಚಂಡೆಯ ನಡುವೆ ಅದು ಕೇಳುತ್ತದೋ ಇಲ್ಲವೋ ಅಂತ ಪರೀಕ್ಷಿಸಿ. ಜೊತೆಗೆ ಎಲ್ಲರ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿಸಿ. ಸ್ಪರ್ಧೆಯ ಜಾಗದಲ್ಲಿ 2.4 ಗಿಗಾಹರ್ಟ್ಸ್ ವೈಫೈ ತುಂಬಿ ತುಳುಕುತ್ತಿರುತ್ತದೆ. ಅಲ್ಲಿ ಒಂದಕ್ಕೊಂದು ಅಡ್ಡಬಾರದ ಚಾನೆಲ್ ಮೂರೇ: 1, 6, 11. ಸಂಪರ್ಕ ತಡವರಿಸಿದಾಗ ನಿಮ್ಮ 300 ಮಿಲಿಸೆಕೆಂಡಿನ ಕೋಡ್ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂಬುದು ಈಗ ಗೊತ್ತಾಗುತ್ತದೆ.

ಪ್ರತಿ ಮ್ಯಾಚಿಗೂ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ. ಯಾವ ಬ್ಯಾಟರಿ, ಮೊದಲು ಎಷ್ಟು ವೋಲ್ಟ್, ಕೊನೆಗೆ ಎಷ್ಟು, ಎಷ್ಟನೇ ಸೆಕೆಂಡಿನಲ್ಲಿ ಏನಾಯಿತು, ಯಾವ ನಟ್ ಸಡಿಲವಾಯಿತು. ಒಂದು ತೊಂದರೆಗೆ ಒಂದೇ ಬದಲಾವಣೆ ಮಾಡಿ, ಮತ್ತೆ ಓಡಿಸಿ. ಮೂರು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದು ಫಲ ಕೊಟ್ಟಿತು ಅಂತ ಗೊತ್ತಾಗುವುದಿಲ್ಲ. ಒಂದೇ ನಟ್ ಎರಡು ಸಲ ಸಡಿಲವಾದರೆ ಮತ್ತೆ ಬಿಗಿದು ಸುಮ್ಮನಾಗಬೇಡಿ, ಒಳಗೆ ನೈಲಾನ್ ಬಳೆಯಿದ್ದು ಸಡಿಲವಾಗದ ನೈಲಾಕ್ ನಟ್ ಹಾಕಿ. ಮೂರು ಮ್ಯಾಚ್ ಸಾಲಾಗಿ, ನಡುವೆ ಬ್ಯಾಟರಿ ಬಿಟ್ಟು ಬೇರೇನೂ ಮುಟ್ಟದೆ ಮುಗಿಸಿದ ರೋಬೋಟನ್ನು ಸ್ಪರ್ಧೆಗೆ ತಯಾರು ಅಂತ ನಾನು ಒಪ್ಪುತ್ತೇನೆ.

ದಿನದ ಕೊನೆಯ ಅರ್ಧ ಗಂಟೆ ಕೆಟ್ಟದ್ದು. ಎಲ್ಲರಿಗೂ ದಣಿವು, ಹಸಿವು, ಊರಿಗೆ ಹೋಗುವ ಕೊನೇ ಬಸ್ಸಿನ ಚಿಂತೆ. ‘ಒಂದೇ ಒಂದ್ಸಲ ಸರ್’ ಅನ್ನುವ ಆ ಓಟದಲ್ಲೇ ಬೆರಳು ಸಿಕ್ಕಿಕೊಳ್ಳುವುದು. ಕೊನೇ ಬಸ್ಸಿಗೆ ಒಂದು ಗಂಟೆ ಇರುವಾಗಲೇ ಮುಖ್ಯ ಸ್ವಿಚ್ ಆಫ್ ಮಾಡಿಸಿ. ಉಳಿದ ಸಮಯ ಸಾಮಾನು ಎಣಿಸಿ ಎತ್ತಿಡಲು.

ಸ್ಪರ್ಧೆಗೆ ಹೊರಡುವ ಮೊದಲು

ನಮ್ಮ ತೇವದ ಹವೆಯಲ್ಲಿ ಕಾಣದ ಒಂದು ತೊಂದರೆ ಒಣ ಊರುಗಳಲ್ಲಿ ಕಾದಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ದಿಲ್ಲಿ ಕಡೆಯ ಒಣ ಚಳಿಯಲ್ಲಿ ಫೋಮ್ ಮ್ಯಾಟಿನ ಮೇಲೆ ಚಕ್ರ ಉಜ್ಜಿ ಸ್ಥಿರ ವಿದ್ಯುತ್ ಕೂಡುತ್ತದೆ. ರೋಬೋಟ್ ಕಣದ ಲೋಹಕ್ಕೆ ತಾಗಿದ ಕೂಡಲೇ ಚಟ್ಟೆಂದು ಕಿಡಿ ಹಾರುತ್ತದೆ, ಬೋರ್ಡಿನ ಸಂಪರ್ಕ ಕಡಿಯುತ್ತದೆ. ಕಾರವಾರದಲ್ಲಿ ನೂರು ಸಲ ಓಡಿಸಿದರೂ ಇದು ಕಾಣಿಸುವುದು ಕಷ್ಟ. ಹತ್ತಿರದಲ್ಲಿ ಎಸಿ ಕೋಣೆಯಿದ್ದರೆ, ಒಂದೆರಡು ಗಂಟೆ ಎಸಿ ಹಾಕಿ ಗಾಳಿ ಒಣಗಿಸಿ ಅಲ್ಲಿ ಒಮ್ಮೆ ಓಡಿಸಿ. ಬೋರ್ಡನ್ನು ನೇರ ಲೋಹಕ್ಕೆ ಬಿಗಿಯದೆ ಪ್ಲಾಸ್ಟಿಕ್ ಹಾಳೆಯ ಮೇಲೆ ಕೂರಿಸಿ. ಹೊರಗೆ ಕಾಣುವ ಲೋಹದ ಕನೆಕ್ಟರುಗಳಿಗೆ ಇನ್ಸುಲೇಶನ್ ಟೇಪ್ ಸುತ್ತಿ. ಯುಎಸ್‌ಬಿ ವೈರಿಗೆ ಫೆರೈಟ್ ಕ್ಲಿಪ್ (ವೈರಿನಲ್ಲಿ ಬರುವ ವಿದ್ಯುತ್ ಗದ್ದಲ ತಡೆಯುವ ತುಂಡು) ಹಾಕಿ.

ಲಿಪೊ ಬ್ಯಾಟರಿಗಳನ್ನು ಪ್ರತಿ ಸೆಲ್‌ಗೆ 3.8 ವೋಲ್ಟಿಗೆ ತಂದು, ತುದಿಗಳಿಗೆ ಟೇಪ್ ಸುತ್ತಿ, ಒಂದೊಂದನ್ನೂ ಬೇರೆ ಬೇರೆ ಚೀಲದಲ್ಲಿಡಿ. ಗೋವಾದಿಂದ ವಿಮಾನದಲ್ಲಿ ಹೋಗುವವರು ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು, ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ. ಬ್ಯಾಟರಿಯಲ್ಲಿ ತುಂಬುವ ಶಕ್ತಿ 100 ವ್ಯಾಟ್-ಅವರ್ ದಾಟಿದರೆ ವಿಮಾನ ಕಂಪನಿಯ ಒಪ್ಪಿಗೆ ಮೊದಲೇ ಬೇಕು. ಮೂರು ಸೆಲ್‌ನ 5200 ಎಂಎಎಚ್ ಬ್ಯಾಟರಿ ಸುಮಾರು 58 ವ್ಯಾಟ್-ಅವರ್. ಆ ಲೆಕ್ಕವನ್ನು ದೊಡ್ಡ ಅಕ್ಷರದಲ್ಲಿ ಬರೆದು ಚೀಲಕ್ಕೆ ಅಂಟಿಸಿದರೆ ತಪಾಸಣೆಯಲ್ಲಿ ಮಾತು ಬೇಗ ಮುಗಿಯುತ್ತದೆ.